ತಕ್ಕಡಿಗೆ ಬಾರದ ಹತ್ತು ಗಂಟೆ

ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿ 2009ರ ಆಗಸ್ಟ್ 25ರಂದು ತೀರಿಕೊಂಡರು. ಆಗ ಅವರಿಗೆ 77 ವರ್ಷ. ಅದರಲ್ಲಿ ಸುಮಾರು 47 ವರ್ಷ ಸೆನೆಟ್ಟಿನಲ್ಲೇ ಕಳೆದಿತ್ತು. ಆ ದಿನಗಳಲ್ಲಿ ಬಂದ ನುಡಿನಮನಗಳಿಗೆ ಒಂದು ಸಿದ್ಧ ಜಾಡಿತ್ತು. ಮೊದಲು ಅವರು ತಂದ ಕಾನೂನುಗಳ ಪಟ್ಟಿ, ನಡುವೆ ಎಲ್ಲೋ ಚಾಪಕ್ವಿಡಿಕ್ ಎಂಬ ಪುಟ್ಟ ದ್ವೀಪದ ಹೆಸರು, ಅದರ ಬೆನ್ನಿಗೇ ‘ಆದರೆ’ ಎಂಬ ಮಾತು, ಮತ್ತೆ ಸೇವೆಯ ಸ್ಮರಣೆ. ಅವರನ್ನು ಜೀವನವಿಡೀ ವಿರೋಧಿಸಿದವರು ಇದೇ ಸಾಮಗ್ರಿಯನ್ನು ತಲೆಕೆಳಗು ಮಾಡಿ ಬಳಸಿದರು: ಕಾನೂನುಗಳೇನೋ ಇರಬಹುದು, ಆದರೆ ಚಾಪಕ್ವಿಡಿಕ್! ಎರಡು ಬಣದವರ ಕೈಯಲ್ಲೂ ಇದ್ದದ್ದು ಒಂದೇ ತಕ್ಕಡಿ. ಒಂದು ತಟ್ಟೆಯಲ್ಲಿ 47 ವರ್ಷ, ಇನ್ನೊಂದರಲ್ಲಿ ಸುಮಾರು ಹತ್ತು ಗಂಟೆ. ಯಾವ ತಟ್ಟೆ ಕೆಳಗಿಳಿಯಿತು ಎಂಬುದಷ್ಟೇ ಅವರ ನಡುವಿನ ಜಗಳ.

ಪ್ರಶ್ನಿಸಬೇಕಾದದ್ದು ಆ ತಕ್ಕಡಿಯನ್ನೇ ಎಂಬುದು ನನ್ನ ವಾದ. ಒಬ್ಬ ಸಾರ್ವಜನಿಕ ವ್ಯಕ್ತಿ ಹಲವರಿಗೆ ಮಾಡಿದ ಉಪಕಾರವನ್ನೂ ಒಬ್ಬರಿಗೆ ಮಾಡಿದ ಅನ್ಯಾಯವನ್ನೂ ಕೂಡಿ ಕಳೆದು ಒಂದು ಮೊತ್ತ ಹೇಳಹೊರಟರೆ ಲೆಕ್ಕ ಸರಿಬರುವುದಿಲ್ಲ. ಸರಿಬಂದಂತೆ ಕಂಡರೆ, ಯಾರದೋ ಪಾಲನ್ನು ನಾವು ಸದ್ದಿಲ್ಲದೆ ಅಳಿಸಿದ್ದೇವೆ ಎಂದೇ ಅರ್ಥ. ಇದನ್ನು ಓದುಗರು ಸುಮ್ಮನೆ ಒಪ್ಪಬೇಕಿಲ್ಲ. ಸಂಗತಿಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸೋಣ.

1969ರ ಜುಲೈ 18, ಶುಕ್ರವಾರ. ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಯಾಚೆ ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪವಿದೆ. ಅದರ ಎಡ್ಗರ್‌ಟೌನ್ ಪಟ್ಟಣದಿಂದ ಕಿರಿದಾದ ಜಲಮಾರ್ಗವೊಂದನ್ನು ದಾಟಿದರೆ ಚಾಪಕ್ವಿಡಿಕ್. ಹಿಂದಿನ ವರ್ಷ ಹತ್ಯೆಯಾಗಿದ್ದ ರಾಬರ್ಟ್ ಕೆನಡಿಯವರ ಚುನಾವಣಾ ಪ್ರಚಾರದಲ್ಲಿ ದುಡಿದಿದ್ದ ಆರು ಮಂದಿ ಯುವತಿಯರಿಗಾಗಿ ಅಲ್ಲಿನ ಬಾಡಿಗೆ ಮನೆಯೊಂದರಲ್ಲಿ ಸಂಜೆಯ ಕೂಟ ಏರ್ಪಟ್ಟಿತ್ತು. ರಾಬರ್ಟ್ ಅವರ ತಮ್ಮ ಎಡ್ವರ್ಡ್ ಕೆನಡಿಗೆ ಆಗ 37 ವರ್ಷ. ಅವರದೇ ಹೇಳಿಕೆಯ ಪ್ರಕಾರ, ರಾತ್ರಿ ಹನ್ನೊಂದೂ ಕಾಲರ ಸುಮಾರಿಗೆ ಅವರು ಮೇರಿ ಜೋ ಕೊಪೆಕ್ನಿ ಎಂಬ 28 ವರ್ಷದ ಯುವತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ತಡೆಗಂಬಿಗಳಿಲ್ಲದ ಡೈಕ್ ಎಂಬ ಮರದ ಸೇತುವೆಯಿಂದ ಕಾರು ಉರುಳಿ ನೀರಿನಲ್ಲಿ ಬುಡಮೇಲಾಗಿ ಬಿತ್ತು. ಕೆನಡಿ ಹೊರಬಂದರು. ಮೇರಿ ಜೋ ಬರಲಿಲ್ಲ.

ಮುಂದಿನದನ್ನೂ ಕೆನಡಿಯವರ ಮಾತಿನಿಂದಲೇ ತಿಳಿಯಬಹುದು. ಏಳೆಂಟು ಸಲ ನೀರಿಗೆ ಮುಳುಗಿ ಆಕೆಯನ್ನು ಎಳೆಯಲು ನೋಡಿದೆ, ಆಗಲಿಲ್ಲ ಎಂದರು. ಆಮೇಲೆ ಕೂಟದ ಮನೆಗೆ ನಡೆದುಹೋದರು. ಸೇತುವೆಯಿಂದ ಸುಮಾರು 150 ಗಜದ ದೂರದಲ್ಲಿ ದೀಪ ಉರಿಯುತ್ತಿದ್ದ ಒಂದು ಮನೆಯಿತ್ತು. ದಾರಿಯಲ್ಲಿ ಅಗ್ನಿಶಾಮಕ ಸ್ವಯಂಸೇವಕರ ಠಾಣೆಯೂ ಇತ್ತು. ಎಲ್ಲಿಯೂ ಬಾಗಿಲು ತಟ್ಟಲಿಲ್ಲ. ಕೂಟದಿಂದ ಸೋದರಸಂಬಂಧಿಯೊಬ್ಬರನ್ನೂ ವಕೀಲ ಮಿತ್ರರೊಬ್ಬರನ್ನೂ ಕರೆತಂದರು. ಅವರೂ ನೀರಿಗೆ ಧುಮುಕಿ ಸೋತರು. ಬಳಿಕ ಕೆನಡಿ ಈಜಿ ಎಡ್ಗರ್‌ಟೌನ್ ಸೇರಿ ತಮ್ಮ ಹೋಟೆಲ್ ಕೋಣೆಗೆ ಹೋದರು. ರಾತ್ರಿ ಎರಡೂವರೆಯ ಸುಮಾರಿಗೆ ಹೊರಗೆ ಬಂದು ಹೋಟೆಲಿನವರನ್ನು ಗಂಟೆ ಎಷ್ಟೆಂದು ಕೇಳಿದರು. ನೀರಿನಲ್ಲಿ ಒಬ್ಬರು ಉಳಿದಿದ್ದಾರೆ ಎಂದು ಹೇಳಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಆಪ್ತರ ಸಲಹೆ ಬೇಡಿದ ಮೇಲೆ, ಹತ್ತು ಗಂಟೆಯ ಸುಮಾರಿಗೆ ಪೊಲೀಸರ ಮುಂದೆ ಬಂದರು. ಅಷ್ಟರಲ್ಲಿ ಮೀನು ಹಿಡಿಯಲು ಬಂದವರು ಕಾರನ್ನು ಕಂಡಿದ್ದರು. ಜಾನ್ ಫಾರರ್ ಎಂಬ ಮುಳುಗುಗಾರ ಶವವನ್ನು ಮೇಲೆತ್ತಿದ್ದರು.

ಗೊತ್ತಿಲ್ಲದ್ದು ಯಾವುದು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಕಾರಿನೊಳಗೆ ಶವವಿದ್ದ ಭಂಗಿಯನ್ನು ನೋಡಿ, ಅಲ್ಲಿ ಸಿಕ್ಕಿಕೊಂಡಿದ್ದ ಗಾಳಿಯಲ್ಲಿ ಆಕೆ ಕೆಲಕಾಲ ಉಸಿರಾಡಿರಬೇಕು, ಬೇಗ ಕರೆದಿದ್ದರೆ ಉಳಿಸಬಹುದಿತ್ತು ಎಂದು ಫಾರರ್ ಅಭಿಪ್ರಾಯಪಟ್ಟರು. ಪರಿಶೀಲಿಸಿದ ವೈದ್ಯರು ನೀರಿನಲ್ಲಿ ಮುಳುಗಿ ಸಾವು ಎಂದು ಬರೆದರು. ಯಾರದು ಸರಿ ಎಂದು ತೀರ್ಮಾನಿಸಲು ಬೇಕಾಗಿದ್ದ ಮರಣೋತ್ತರ ಪರೀಕ್ಷೆ ನಡೆಯಲೇ ಇಲ್ಲ. ಕೆನಡಿ ಮದ್ಯದ ಅಮಲಿನಲ್ಲಿದ್ದರೇ ಎಂಬ ಪ್ರಶ್ನೆಯೂ ಹಾಗೆಯೇ. ಅವರು ಅಲ್ಲ ಎಂದರು. ಆ ರಾತ್ರಿ ಪರೀಕ್ಷಿಸಿದವರಿಲ್ಲ. ಆದ್ದರಿಂದ ಆಕೆ ಬದುಕುತ್ತಿದ್ದರು ಎಂದು ನಾನು ಹೇಳಲಾರೆ, ಬದುಕುತ್ತಿರಲಿಲ್ಲ ಎಂದೂ ಹೇಳಲಾರೆ. ಒಂದನ್ನು ಮಾತ್ರ ಖಚಿತವಾಗಿ ಹೇಳಬಹುದು: ಈ ಪ್ರಶ್ನೆಗಳಿಗೆ ಉತ್ತರ ಸಿಗಬಹುದಾಗಿದ್ದ ದಾರಿಯನ್ನು ಮುಚ್ಚಿದ್ದರಲ್ಲಿ ಆ ಮೌನದ ಪಾಲು ದೊಡ್ಡದು.

ಕಾನೂನು ಏನು ಮಾಡಿತು? ಒಂದು ವಾರದ ಬಳಿಕ, ಜುಲೈ 25ರಂದು, ಅಪಘಾತದ ಸ್ಥಳ ಬಿಟ್ಟುಹೋದ ಆರೋಪವನ್ನು ಕೆನಡಿ ಒಪ್ಪಿಕೊಂಡರು. ಎರಡು ತಿಂಗಳ ಸೆರೆವಾಸ, ಅದೂ ಅಮಾನತಿನಲ್ಲಿ. ಈ ನ್ಯಾಯಾಲಯ ಕೊಡಬಹುದಾದ ಶಿಕ್ಷೆಗಿಂತ ಹೆಚ್ಚಿನದನ್ನು ಅವರು ಆಗಲೇ ಅನುಭವಿಸಿದ್ದಾರೆ ಎಂಬರ್ಥದ ಮಾತನ್ನು ನ್ಯಾಯಾಧೀಶ ಜೇಮ್ಸ್ ಬಾಯ್ಲ್ ಆಡಿದರು. ಅಂದು ಸಂಜೆ ಕೆನಡಿ ದೂರದರ್ಶನದಲ್ಲಿ ಮಾತನಾಡಿ, ತಕ್ಷಣ ಪೊಲೀಸರಿಗೆ ತಿಳಿಸದಿದ್ದದ್ದು ಸಮರ್ಥನೆಗೆ ನಿಲುಕದ ನಡತೆ ಎಂದು ಒಪ್ಪಿದರು. ತಾವು ಹುದ್ದೆಯಲ್ಲಿ ಮುಂದುವರಿಯಬೇಕೇ ಎಂದು ತಮ್ಮ ರಾಜ್ಯದ ಜನರನ್ನೇ ಕೇಳಿದರು. 1970ರ ಜನವರಿಯಲ್ಲಿ ನಡೆದ ವಿಚಾರಣೆಯ ಕೊನೆಗೆ ಅದೇ ನ್ಯಾಯಾಧೀಶರು, ಕೆನಡಿಯವರ ಅಜಾಗರೂಕ ಚಾಲನೆ ಸಾವಿಗೆ ಕಾರಣವಾಗಿರುವ ಸಂಭವವಿದೆ ಎಂದು ದಾಖಲಿಸಿದರು. ಆದರೂ ಬೇರೆ ಮೊಕದ್ದಮೆ ಹೂಡಲಿಲ್ಲ. ಆ ನವೆಂಬರಿನ ಚುನಾವಣೆಯಲ್ಲಿ ಅವರು ಶೇ 62ರಷ್ಟು ಮತ ಪಡೆದು ಮತ್ತೆ ಗೆದ್ದರು.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಬೇಕು. ಕಾರು ಉರುಳಿದ್ದು ಅಪಘಾತ. ಕತ್ತಲೆಯಲ್ಲಿ, ಇಕ್ಕಟ್ಟಾದ ಸೇತುವೆಯಲ್ಲಿ ಯಾರಿಗೂ ಆಗಬಹುದಾದದ್ದು. ಅದಕ್ಕಾಗಿ ಒಬ್ಬ ಮನುಷ್ಯನನ್ನು ಜೀವನಪೂರ್ತಿ ದೂಷಿಸುವುದು ನ್ಯಾಯವಲ್ಲ. ನನ್ನ ಆಕ್ಷೇಪವಿರುವುದು ಆಮೇಲಿನ ಗಂಟೆಗಳ ಬಗ್ಗೆ. ನೀರಿನಲ್ಲಿರುವ ಒಬ್ಬ ವ್ಯಕ್ತಿಗಾಗಿ ಬಾಗಿಲು ತಟ್ಟುವುದೇ ಬೇಡವೇ ಎಂಬ ಪ್ರಶ್ನೆ ಆ ರಾತ್ರಿ ಒಂದೇ ಸಲ ಎದುರಾದದ್ದಲ್ಲ. ದೀಪವಿದ್ದ ಮನೆಯ ಎದುರು ಎದುರಾಯಿತು, ಠಾಣೆಯ ಎದುರು ಎದುರಾಯಿತು, ಹೋಟೆಲಿನ ಅಂಗಳದಲ್ಲಿ ಎದುರಾಯಿತು, ಬೆಳಕು ಹರಿದಾಗ ಮತ್ತೆ ಎದುರಾಯಿತು. ಪ್ರತಿಸಲವೂ ಉತ್ತರ ಒಂದೇ ಆಗಿತ್ತು.

ಅವರು ಆಘಾತದಲ್ಲಿದ್ದರು, ತಲೆಗೆ ಪೆಟ್ಟಾಗಿತ್ತು ಎಂಬ ಸಮಾಧಾನವಿದೆ. ವೈದ್ಯರು ಅದನ್ನು ಗುರುತಿಸಿದ್ದೂ ಹೌದು. ಈ ಮಾತನ್ನು ತಳ್ಳಿಹಾಕಬಾರದು. ಮೊದಲ ಒಂದು ಗಂಟೆಯ ಗೊಂದಲವನ್ನು ಇದು ವಿವರಿಸಬಲ್ಲದು. ಹತ್ತು ಗಂಟೆಯನ್ನು ವಿವರಿಸಲಾರದು. ಮೇಲಾಗಿ ಕೆನಡಿಯವರ ಬದುಕಿನಲ್ಲೇ ಇದಕ್ಕೆ ಎದುರಾಗಿ ಇಡಬಹುದಾದ ಇನ್ನೊಂದು ರಾತ್ರಿಯಿದೆ. 1964ರ ಜೂನ್‌ನಲ್ಲಿ ಅವರು ಪ್ರಯಾಣಿಸುತ್ತಿದ್ದ ಸಣ್ಣ ವಿಮಾನ ಮ್ಯಾಸಚೂಸೆಟ್ಸಿನಲ್ಲಿ ಬಿದ್ದು ಪೈಲಟ್ ಮತ್ತು ಕೆನಡಿಯವರ ಸಹಾಯಕರೊಬ್ಬರು ಸತ್ತರು. ಅದೇ ವಿಮಾನದಲ್ಲಿದ್ದ ಸೆನೆಟರ್ ಬರ್ಚ್ ಬೈ ತಾವೂ ಆಘಾತಕ್ಕೊಳಗಾಗಿದ್ದರು. ಹೊರಬಂದಿದ್ದ ಅವರು ವಿಮಾನಕ್ಕೆ ಬೆಂಕಿ ಹತ್ತಬಹುದೆಂಬ ಭಯದ ನಡುವೆಯೂ ಹಿಂದಿರುಗಿ, ಬೆನ್ನುಮೂಳೆ ಮುರಿದಿದ್ದ ಕೆನಡಿಯವರನ್ನು ಎಳೆದು ತಂದರು. ಬೈ ಅವರಷ್ಟು ಧೈರ್ಯವನ್ನು ಎಲ್ಲರಿಂದಲೂ ನಿರೀಕ್ಷಿಸಲಾಗದು. ಆದರೆ ಚಾಪಕ್ವಿಡಿಕ್‌ನಲ್ಲಿ ಬೇಕಿದ್ದದ್ದು ಆ ಧೈರ್ಯವಲ್ಲ. ಒಂದು ಬಾಗಿಲು ತಟ್ಟಿ ಒಂದು ಫೋನ್ ಮಾಡುವಷ್ಟು ಸಾಕಿತ್ತು.

ನೀರಿನಲ್ಲಿ ಉಳಿದವರು ಯಾರು? ಎಷ್ಟೋ ಬರಹಗಳಲ್ಲಿ ಆಕೆ ‘ಕಾರಿನಲ್ಲಿದ್ದ ಹುಡುಗಿ’ ಮಾತ್ರ. ಪೆನ್ಸಿಲ್ವೇನಿಯದಲ್ಲಿ ಹುಟ್ಟಿದ, ತಂದೆತಾಯಿಗೆ ಒಬ್ಬಳೇ ಮಗಳಾದ ಮೇರಿ ಜೋ, ಕಾಲೇಜು ಮುಗಿಸಿ ಅಲಬಾಮ ರಾಜ್ಯದ ಮಾಂಟ್ಗಮರಿಯಲ್ಲಿ ಒಂದು ವರ್ಷ ಶಾಲೆಯಲ್ಲಿ ಕಲಿಸಿದರು. ಅದು ಕರಿಯರ ನಾಗರಿಕ ಹಕ್ಕುಗಳ ಹೋರಾಟ ಕಾವೇರಿದ್ದ ಕಾಲ ಮತ್ತು ಊರು. ಬಳಿಕ ವಾಷಿಂಗ್ಟನ್ನಿಗೆ ಬಂದು ರಾಬರ್ಟ್ ಕೆನಡಿಯವರ ಕಚೇರಿಯಲ್ಲಿ ದುಡಿದರು. 1968ರ ಪ್ರಚಾರದಲ್ಲಿ ಯಾವ ರಾಜ್ಯದ ಯಾವ ಪ್ರತಿನಿಧಿ ಯಾರ ಕಡೆ ಒಲಿದಿದ್ದಾರೆ ಎಂಬ ಸೂಕ್ಷ್ಮ ಲೆಕ್ಕ ಇಡುತ್ತಿದ್ದ ಸಣ್ಣ ತಂಡದಲ್ಲಿ ಆಕೆಯೂ ಒಬ್ಬರು. ಸಾರ್ವಜನಿಕ ಕೆಲಸಕ್ಕೆ ತಮ್ಮನ್ನು ಕೊಟ್ಟುಕೊಂಡವರು ಆ ಕಾರಿನಲ್ಲಿ ಇಬ್ಬರಿದ್ದರು. ಒಬ್ಬರಿಗೆ ಇನ್ನೂ 40 ವರ್ಷ ಸಿಕ್ಕಿತು. ಇನ್ನೊಬ್ಬರಿಗೆ 29 ತುಂಬಲು ಎಂಟು ದಿನವಷ್ಟೇ ಬಾಕಿಯಿತ್ತು. ಸೇವೆಯನ್ನು ತೂಗುತ್ತೇವೆ ಎನ್ನುವವರು ಆಗದೆ ಹೋದ ಈ ಸೇವೆಯನ್ನು ಯಾವ ತಟ್ಟೆಯಲ್ಲಿ ಹಾಕುತ್ತಾರೆ?

ಇನ್ನು ಕೆನಡಿಯವರ ಸೇವೆಯ ಮಾತು. ಅದನ್ನು ಕಿರಿದು ಮಾಡಿ ಹೇಳಿದರೆ ನನ್ನ ವಾದ ಸುಲಭವಾದೀತು, ಪ್ರಾಮಾಣಿಕವಾಗದು. 1965ರ ವಲಸೆ ಕಾಯಿದೆಯನ್ನು ಸೆನೆಟ್ಟಿನಲ್ಲಿ ಮುಂದೆ ನಿಂತು ನಡೆಸಿದವರು ಅವರು. ಅದಕ್ಕೆ ಮೊದಲು ಭಾರತಕ್ಕೆ ನಿಗದಿಯಾಗಿದ್ದ ವಾರ್ಷಿಕ ಪಾಲು ಬರೀ 100 ಜನ. ಹುಟ್ಟಿದ ದೇಶವನ್ನು ನೋಡಿ ಮನುಷ್ಯರನ್ನು ಅಳೆಯುವ ಆ ಪದ್ಧತಿ ಹೋದ ಮೇಲೆಯೇ ಭಾರತದ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋದದ್ದು. ಇಂದು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯದಲ್ಲೋ ರಾಜ್ಯೋತ್ಸವ ನಡೆಸುವ ಕನ್ನಡ ಕೂಟಗಳ ಹಿಂದೆ, ನೆನಪಿನಲ್ಲಿರಲಿ ಇಲ್ಲದಿರಲಿ, ಆ ಕಾಯಿದೆ ಇದೆ. 1971ರ ಆಗಸ್ಟ್‌ನಲ್ಲಿ, ಅವರದೇ ದೇಶದ ಸರ್ಕಾರ ಪಾಕಿಸ್ತಾನದ ಸೇನಾಡಳಿತದ ಬೆನ್ನಿಗಿದ್ದಾಗ, ಕೆನಡಿ ಪಶ್ಚಿಮ ಬಂಗಾಳದ ನಿರಾಶ್ರಿತರ ಶಿಬಿರಗಳಲ್ಲಿ ಮಳೆಕೆಸರಿನ ನಡುವೆ ಓಡಾಡಿ, ಕಂಡದ್ದನ್ನು ಸೆನೆಟ್ಟಿಗೆ ವರದಿ ಮಾಡಿದರು. ಪಾಕಿಸ್ತಾನದ ಸೈನಿಕರು ಢಾಕಾ ವಿಶ್ವವಿದ್ಯಾಲಯದಲ್ಲಿ ಬುಡಸಹಿತ ಕಿತ್ತುಹಾಕಿದ್ದ ಆಲದ ಜಾಗದಲ್ಲಿ 1972ರ ಫೆಬ್ರವರಿಯಲ್ಲಿ ಹೊಸ ಸಸಿ ನೆಟ್ಟವರೂ ಅವರೇ.

ಇಷ್ಟಕ್ಕೇ ಮುಗಿಯುವುದಿಲ್ಲ. ವರ್ಣಭೇದದ ದಕ್ಷಿಣ ಆಫ್ರಿಕದ ಮೇಲೆ 1986ರಲ್ಲಿ ಅಧ್ಯಕ್ಷರ ನಿರಾಕರಣೆಯನ್ನು ಮೀರಿ ಸಂಸತ್ತು ಹೇರಿದ ನಿರ್ಬಂಧ, ಅಂಗವಿಕಲರ ಹಕ್ಕುಗಳ 1990ರ ಕಾಯಿದೆ, ಮಕ್ಕಳ ಆರೋಗ್ಯ ವಿಮೆಯ 1997ರ ಯೋಜನೆ, ಇವೆಲ್ಲದರಲ್ಲೂ ಅವರ ದುಡಿಮೆಯಿದೆ. ಮಕ್ಕಳ ವಿಮೆಗಾಗಿ ಎದುರು ಪಕ್ಷದ ಆರಿನ್ ಹ್ಯಾಚ್ ಜೊತೆ ಕೈಜೋಡಿಸಿದರು. 2002ರಲ್ಲಿ ಇರಾಕ್ ಯುದ್ಧಕ್ಕೆ ಒಪ್ಪಿಗೆ ಕೊಡಲು ನಿರಾಕರಿಸಿದ 23 ಸೆನೆಟರುಗಳಲ್ಲಿ ಅವರೂ ಒಬ್ಬರು. ಗಾಲಿಕುರ್ಚಿಯಲ್ಲಿ ಕಚೇರಿಯ ಇಳಿಜಾರು ಹತ್ತುವ ವ್ಯಕ್ತಿಗೆ, ಔಷಧಿ ಸಿಕ್ಕಿದ ಮಗುವಿಗೆ ಈ ಸೇವೆ ಭಾಷಣವಲ್ಲ, ದಿನದಿನದ ಬದುಕು.

ಹೀಗಿರುವಾಗ ಕಾನೂನುಗಳ ಲಾಭ ಲಕ್ಷಾಂತರ ಜನರಿಗೆ, ನಷ್ಟವಾದದ್ದು ಒಂದು ಜೀವ ಎಂಬ ಲೆಕ್ಕ ತಾನಾಗಿ ನಾಲಿಗೆಗೆ ಬರುತ್ತದೆ. ಕೆನಡಿ ಸತ್ತಾಗ, ತನ್ನ ಸಾವಿನ ಬಳಿಕ ಮೂಡಿದ ಈ ರಾಜಕೀಯ ಬದುಕನ್ನು ಕಂಡಿದ್ದರೆ ಮೇರಿ ಜೋ ಏನೆನ್ನುತ್ತಿದ್ದರು, ಸಾರ್ಥಕವಾಯಿತು ಎನ್ನುತ್ತಿದ್ದರೇನೋ ಎಂದು ಬರೆದವರೂ ಇದ್ದರು. ಈ ಊಹೆಯೊಳಗಿನ ಕ್ರೌರ್ಯ ಮೆಲುದನಿಯದಾದ್ದರಿಂದ ಕೇಳಿಸುವುದಿಲ್ಲ. ಸತ್ತವರ ಬಾಯಿಂದ ನಮಗೆ ಬೇಕಾದ ಒಪ್ಪಿಗೆಯನ್ನು ಹೊರಡಿಸುವುದು ಅದರ ಕೆಲಸ. ಉಪಕಾರ ಪಡೆದವರು ಒಂದು ಗುಂಪು, ಅನ್ಯಾಯಕ್ಕೊಳಗಾದವರು ಇನ್ನೊಬ್ಬರು. ನಾನು ನಿಮಗೆ ಸಾಲ ತೀರಿಸಬೇಕಿದ್ದು, ಅದರ ಹತ್ತರಷ್ಟನ್ನು ನಿಮ್ಮ ನೆರೆಯವರಿಗೆ ದಾನ ಮಾಡಿದರೆ ನಾನು ಉದಾರಿಯಾಗಬಹುದು; ನಿಮ್ಮ ಸಾಲ ತೀರುವುದಿಲ್ಲ. ಮನುಷ್ಯರನ್ನು ಒಬ್ಬರ ಬದಲು ಇನ್ನೊಬ್ಬರನ್ನು ಇಡಬಹುದಾದ ನಾಣ್ಯಗಳೆಂದು ಭಾವಿಸಿದಾಗ ಮಾತ್ರ ಆ ತಕ್ಕಡಿ ಕೆಲಸ ಮಾಡುತ್ತದೆ. ಪ್ರತಿ ಮನುಷ್ಯನಿಗೂ ತನ್ನದೇ ಘನತೆಯಿದೆ ಎಂದು ಒಪ್ಪಿದ ಕ್ಷಣ ಅದರ ಮುಳ್ಳು ನಿಂತುಹೋಗುತ್ತದೆ.

ನಮ್ಮ ಮಹಾಕಾವ್ಯದ ಕವಿಗೂ ಇದು ಹೊಳೆದಿತ್ತು. ಜೀವನವಿಡೀ ಸತ್ಯಕ್ಕೆ ಹೆಸರಾದ ಧರ್ಮರಾಯ ಅಶ್ವತ್ಥಾಮನ ವಿಷಯದಲ್ಲಿ ಒಂದು ಅರ್ಧಸತ್ಯ ಆಡಿದ. ಅದಕ್ಕಾಗಿ ಕೊನೆಯಲ್ಲಿ ನರಕದ ದರ್ಶನ ಮಾಡಬೇಕಾಯಿತು. ಸ್ವರ್ಗ ನರಕಗಳನ್ನು ನಾನು ನಂಬುವುದಿಲ್ಲ. ಆದರೆ ಆ ಕಥೆಯ ಹಿಂದಿನ ನೈತಿಕ ಎಚ್ಚರ ನನಗೆ ಬೆಲೆಯುಳ್ಳದ್ದು. ಅಷ್ಟೊಂದು ಪುಣ್ಯವಿರುವಾಗ ಇದೊಂದನ್ನು ಕಳೆದುಬಿಡೋಣ ಎಂದು ಕವಿ ಹೇಳಲಿಲ್ಲ. ಪುಣ್ಯಕ್ಕೆ ಅದರದೇ ಫಲ, ತಪ್ಪಿಗೆ ಅದರದೇ ಫಲ. ನಮ್ಮ ಶ್ರದ್ಧಾಂಜಲಿಗಳಲ್ಲಿ ಇಷ್ಟು ವಿವೇಕವೂ ಕಾಣುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಂಭೀರವಾದದ್ದು: ಒಬ್ಬ ಮನುಷ್ಯ ಮುಂದಿನ 40 ವರ್ಷ ಬಡವರಿಗಾಗಿ ದುಡಿದದ್ದೇ ಪ್ರಾಯಶ್ಚಿತ್ತವಲ್ಲವೇ? ಮನಸ್ಸಿನೊಳಗಿನದನ್ನು ನಾವು ಬಲ್ಲವರಲ್ಲ. ಪಶ್ಚಾತ್ತಾಪ ಅವರನ್ನು ಕಾಡಿರಬಹುದು. ಸಾವಿನ ಬೆನ್ನಿಗೇ ಪ್ರಕಟವಾದ ಆತ್ಮಕಥೆಯಲ್ಲಿ ಆ ರಾತ್ರಿಯ ನಡತೆಗಾಗಿ ಅವರು ವಿಷಾದಿಸಿದ್ದಾರೆ. ಆದರೆ ವರ್ಷಗಳನ್ನು ನೋಡಿ. ವಲಸೆ ಕಾಯಿದೆ 1965ರದು, ಅಂದರೆ ಸೇತುವೆಗಿಂತ ನಾಲ್ಕು ವರ್ಷ ಹಿಂದಿನದು. ದುರ್ಬಲರ ಪರ ನಿಲ್ಲುವ ರಾಜಕಾರಣಿ ಆ ರಾತ್ರಿಗೆ ಮೊದಲೂ ಇದ್ದರು, ಆ ರಾತ್ರಿಯೂ ಇದ್ದರು, ಮರುದಿನವೂ ಇದ್ದರು. ಸೇವೆಯೆಲ್ಲವನ್ನೂ ತಪ್ಪಿನ ದಂಡವಾಗಿ ಓದುವುದು ಅನುಕೂಲಕರ ಕಥೆ. ಕಾಲಾನುಕ್ರಮ ಅದಕ್ಕೆ ಒಪ್ಪುವುದಿಲ್ಲ. ಮೇಲಾಗಿ ಪ್ರಾಯಶ್ಚಿತ್ತ ಎಂಬ ಪದಕ್ಕೆ ಅರ್ಥವಿರಬೇಕಾದರೆ ಕನಿಷ್ಠ ಮೂರು ಬೇಕು: ನಡೆದದ್ದನ್ನು ಪೂರ್ತಿ ಹೇಳುವುದು, ಎಲ್ಲರಿಗೂ ಇರುವ ಶಿಕ್ಷೆಗೆ ತಲೆಯೊಡ್ಡುವುದು, ನೊಂದವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು. ತಾನು ಪ್ರೀತಿಸುವ ಕೆಲಸವನ್ನು, ಅಧಿಕಾರ ಗೌರವಗಳೊಂದಿಗೆ, ಮುಂದುವರಿಸುವುದು ಇವುಗಳಲ್ಲಿ ಯಾವುದೂ ಅಲ್ಲ.

ಎರಡನೆಯ ಆಕ್ಷೇಪ: ಜನರೇ ಕ್ಷಮಿಸಿದರಲ್ಲ? 1970ರ ಬಳಿಕವೂ ಮ್ಯಾಸಚೂಸೆಟ್ಸಿನ ಮತದಾರರು ಅವರನ್ನು ಮತ್ತೆ ಮತ್ತೆ ಆರಿಸಿದರು. ಹೌದು, ಅದು ಅವರ ಹಕ್ಕು. ಆದರೆ ಚುನಾವಣೆ ಉತ್ತರಿಸುವ ಪ್ರಶ್ನೆ ಬೇರೆ. ಮುಂದಿನ ಆರು ವರ್ಷ ನಮ್ಮ ಪರವಾಗಿ ಯಾರು ಮಾತಾಡಬೇಕು ಎಂಬುದಕ್ಕೆ ಮತಪೆಟ್ಟಿಗೆಯಲ್ಲಿ ಉತ್ತರವಿದೆ. ಆ ರಾತ್ರಿ ನಡೆದದ್ದು ಅಪರಾಧವೇ ಎಂಬುದಕ್ಕೆ ನ್ಯಾಯಾಲಯದಲ್ಲಿ ಉತ್ತರ ಹುಡುಕಬೇಕು. ಕ್ಷಮೆಯ ಪ್ರಶ್ನೆಗೆ ಉತ್ತರಿಸಬಲ್ಲವರು ಒಬ್ಬರೇ ಇದ್ದರು. ಬಹುಮತ ಎಷ್ಟೇ ದೊಡ್ಡದಿರಲಿ, ಅದು ಸಾಕ್ಷ್ಯವಾಗುವುದಿಲ್ಲ. ಗೆದ್ದವರ ಹಳೆಯ ಪ್ರಕರಣವನ್ನು ಎತ್ತಿದಾಗ ‘ಜನತಾ ನ್ಯಾಯಾಲಯ ತೀರ್ಪು ಕೊಟ್ಟಾಗಿದೆ’ ಎಂಬ ಮಾತನ್ನು ನಾವೂ ಕೇಳಿದ್ದೇವೆ. ಅದು ಪ್ರಜಾಪ್ರಭುತ್ವದ ಹೆಸರಿನಲ್ಲಿ ನ್ಯಾಯವನ್ನು ಬದಿಗಿಡುವ ಮಾತು.

ಮೂರನೆಯದು ಪರಿಣಾಮವಾದಿಗಳ ಆಕ್ಷೇಪ, ಇದೇ ಎಲ್ಲಕ್ಕಿಂತ ಕಠಿಣ: ಅಂದು ಕಾನೂನು ನೆಟ್ಟಗೆ ನಡೆದು ಕೆನಡಿ ಸೆರೆಮನೆ ಸೇರಿದ್ದರೆ ಆಮೇಲಿನ ಕಾಯಿದೆಗಳೆಲ್ಲ ಎಲ್ಲಿರುತ್ತಿದ್ದವು? ಇದಕ್ಕೆ ನನ್ನ ಉತ್ತರ ಎರಡು. ಒಂದು, ಯಾವ ಒಳ್ಳೆಯ ಕಾಯಿದೆಯೂ ಒಬ್ಬರ ಕೈಯಿಂದ ಆದದ್ದಲ್ಲ. ಅಂಗವಿಕಲರ ಕಾಯಿದೆಯ ಮುಂಚೂಣಿಯಲ್ಲಿ ಸೆನೆಟರ್ ಟಾಮ್ ಹಾರ್ಕಿನ್ ಇದ್ದರು. ಅವರ ಹಿಂದೆ ವರ್ಷಗಟ್ಟಲೆ ಬೀದಿಗಿಳಿದ ಅಂಗವಿಕಲರೇ ಇದ್ದರು. ಕೆನಡಿ ಇಲ್ಲದಿದ್ದರೆ ಕೆಲವು ತಡವಾಗುತ್ತಿದ್ದವು, ಕೆಲವು ಬಹುಶಃ ಬರುತ್ತಲೇ ಇರಲಿಲ್ಲ. ಆ ನಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಎರಡು, ಈ ವಾದವನ್ನು ಒಂದು ನಿಯಮವನ್ನಾಗಿ ಬರೆದು ನೋಡಿ: ಸಮಾಜಕ್ಕೆ ಮುಂದೆ ಹೆಚ್ಚು ಉಪಯುಕ್ತರಾಗಬಲ್ಲವರಿಗೆ ಕಾನೂನು ಸಡಿಲವಾಗಿರತಕ್ಕದ್ದು. ಹಾಗೆ ಬರೆದ ನಿಯಮಕ್ಕೆ ಕೆನಡಿಯವರ ಅಭಿಮಾನಿಯೂ ಸಹಿ ಹಾಕಲಾರರು. ಅಂದೇ ರಾತ್ರಿ ಅದೇ ಸೇತುವೆಯಿಂದ ಬಿದ್ದು, ಅಷ್ಟೇ ಹೊತ್ತು ಸುಮ್ಮನಿದ್ದ ಒಬ್ಬ ಮೀನುಗಾರನಿಗೋ ಬಡಗಿಗೋ ‘ನೀನು ಸಾಕಷ್ಟು ನೊಂದಿದ್ದೀಯ’ ಎಂದು ಯಾವ ನ್ಯಾಯಾಲಯ ಹೇಳುತ್ತಿತ್ತು? ಉಪಯುಕ್ತತೆಯ ಈ ರಿಯಾಯಿತಿ ಬಲವಿದ್ದವರಿಗಷ್ಟೇ ಸಿಗುತ್ತದೆ. ದುರ್ಬಲರಿಗಾಗಿ ದುಡಿದವರ ಹೆಸರಿನಲ್ಲೇ ಬಲಿಷ್ಠರ ವಿನಾಯಿತಿಯನ್ನು ಸಮರ್ಥಿಸಿದರೆ ಆ ದುಡಿಮೆಯ ಅರ್ಥವನ್ನೇ ನಾವು ಕೆಡಿಸಿದಂತೆ.

ಪರಿಣಾಮಗಳ ಮಾತು ಬಂದಾಗ, ತಪ್ಪಿಸಿಕೊಂಡ ತಪ್ಪಿಗೂ ಪರಿಣಾಮಗಳಿವೆ ಎಂಬುದನ್ನು ಮರೆಯಬಾರದು. 1991ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನಗೊಂಡಿದ್ದ ಕ್ಲಾರೆನ್ಸ್ ಥಾಮಸ್ ವಿರುದ್ಧ ಅನಿತಾ ಹಿಲ್ ಲೈಂಗಿಕ ಕಿರುಕುಳದ ಆರೋಪ ಹೊರಿಸಿ ಸೆನೆಟ್ ಸಮಿತಿಯ ಎದುರು ಕುಳಿತರು. ಆ ಸಮಿತಿಯ 14 ಸದಸ್ಯರೂ ಗಂಡಸರೇ. ಮಹಿಳಾ ಸಂಘಟನೆಗಳು ವರ್ಷಗಳಿಂದ ನೆಚ್ಚಿದ್ದ ಕೆನಡಿ ಅಲ್ಲಿ ಬಹುಮಟ್ಟಿಗೆ ಮೌನವಾಗಿದ್ದರು. ಹೆಣ್ಣುಮಕ್ಕಳ ವಿಷಯದಲ್ಲಿ ಅವರ ಸ್ವಂತ ಬದುಕಿನ ದಾಖಲೆ ಅವರ ನಾಲಿಗೆಯನ್ನು ಹಿಡಿದಿತ್ತು ಎಂದು ಸಮಕಾಲೀನರು ಬರೆದರು. ಅದೇ ತಿಂಗಳು ಅವರೇ ಒಂದು ಭಾಷಣದಲ್ಲಿ ಖಾಸಗಿ ಬದುಕಿನ ದೋಷಗಳನ್ನು ಒಪ್ಪಿಕೊಂಡರು. ಉತ್ತರ ಕೊಡದ ತಪ್ಪು ಸುಮ್ಮನೆ ಹಿಂದೆ ಉಳಿಯುವುದಿಲ್ಲ. ಮಾತು ಬೇಕಾದ ಹೊತ್ತಿನಲ್ಲಿ ಬಾಯಿ ಕಟ್ಟುತ್ತದೆ, ಅದರ ಬೆಲೆಯನ್ನು ಬೇರೆಯವರು ತೆರುತ್ತಾರೆ.

ಈಗ ಇನ್ನೊಂದು ಬಣದ ಕಡೆಗೆ ತಿರುಗೋಣ. ಆ ರಾತ್ರಿ ಹಾಗೆ ನಡೆದುಕೊಂಡ ಮನುಷ್ಯ ಆಮೇಲೆ ಮಾಡಿದ್ದೆಲ್ಲ ನಾಟಕ, ಅದಕ್ಕೆ ಬೆಲೆಯಿಲ್ಲ ಎನ್ನುವವರಿದ್ದಾರೆ. ಹಸುವನ್ನು ಕೊಂದು ಚಪ್ಪಲಿ ದಾನ ಮಾಡಿದ ಹಾಗೆ ಎಂಬ ನಮ್ಮ ಗಾದೆಯನ್ನು ಅವರು ಇಲ್ಲಿ ಒಪ್ಪಿಸಬಹುದು. ಗಾದೆ ಇಲ್ಲಿ ಹೊಂದುವುದಿಲ್ಲ. ಆ ದಾನ ಕೊಲೆಯಿಂದಲೇ ಬಂದದ್ದು, ಹಸು ಸಾಯದೆ ಚಪ್ಪಲಿ ಇಲ್ಲ. ಕೆನಡಿಯವರ ಸೇವೆ ಮೇರಿ ಜೋ ಸಾವಿನಿಂದ ಹುಟ್ಟಿದ್ದಲ್ಲ. ಒಂದು ಕಾನೂನು ನ್ಯಾಯವಾದದ್ದೇ ಎಂಬುದನ್ನು ಅದು ಜನರಿಗೆ ಏನು ಮಾಡುತ್ತದೆ ಎಂಬುದರಿಂದ ತಿಳಿಯಬೇಕು. ಅದರ ಪರ ಕೈಯೆತ್ತಿದವರ ಚಾರಿತ್ರ್ಯದಿಂದಲ್ಲ. ಗಾಲಿಕುರ್ಚಿಯವರ ಇಳಿಜಾರು ಕೆನಡಿಯವರ ತಪ್ಪಿನಿಂದ ಕಡಿದಾಗುವುದಿಲ್ಲ. ಹೇಳಿದವರನ್ನು ನೋಡದೆ ಹೇಳಿದ್ದನ್ನು ಪರೀಕ್ಷಿಸು ಎಂಬುದು ವೈಚಾರಿಕತೆಯ ಮೊದಲ ಪಾಠ. ಹೊಗಳಿಕೆಗೆ ಅದನ್ನು ಅನ್ವಯಿಸಿ ತೆಗಳಿಕೆಗೆ ಮರೆಯಲಾಗದು.

ಅಲ್ಲದೆ ಮೇರಿ ಜೋ ಹೆಸರನ್ನು ದಶಕಗಳ ಕಾಲ ಕೂಗಿದ ಎಷ್ಟೋ ಮಂದಿಗೆ ಆಕೆಯ ಬಗ್ಗೆ ಕಾಳಜಿಯಿರಲಿಲ್ಲ, ಕೆನಡಿಯವರನ್ನು ಬಡಿಯಲು ಒಂದು ಕೋಲು ಬೇಕಿತ್ತು. ಇದೂ ಆಕೆಯನ್ನು ವಸ್ತುವಾಗಿ ಬಳಸಿದ್ದೇ. ನಾವು ಯಾವ ಬಣ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಇದೇ ಸಂಗತಿಗಳನ್ನು ಹಾಗೆಯೇ ಇಟ್ಟು, ರಾಜಕಾರಣಿಯ ಪಕ್ಷವನ್ನಷ್ಟೇ ಬದಲಿಸಿ. ನಮ್ಮ ತೀರ್ಪೂ ಬದಲಾಯಿತೇ? ಹಾಗಿದ್ದರೆ ನಮ್ಮ ಮೊದಲ ತೀರ್ಪು ನ್ಯಾಯದ್ದಾಗಿರಲಿಲ್ಲ. ಈ ಪರೀಕ್ಷೆಯನ್ನು ನನ್ನ ಮೇಲೂ ಮಾಡಿಕೊಂಡಿದ್ದೇನೆ. ಕೆನಡಿಯವರ ರಾಜಕಾರಣದ ಬಹುಭಾಗ ನನಗೆ ಒಪ್ಪಿಗೆಯಾದದ್ದು. ಅದಕ್ಕಾಗಿಯೇ ಈ ಲೇಖನದಲ್ಲಿ ಆ ಹತ್ತು ಗಂಟೆಗಳನ್ನು ಮೊದಲು ಬರೆದೆ, ಸೇವೆಯನ್ನು ಆಮೇಲೆ.

ಹಾಗಾದರೆ ತಕ್ಕಡಿಯ ಬದಲು ಏನು? ಕನ್ನಡದಲ್ಲಿ ಒಂದು ಪುಟ್ಟ ಸೌಕರ್ಯವಿದೆ. ‘ಆದರೆ’ ಎಂದರೆ ಹಿಂದಿನ ಮಾತು ತುಸು ತಗ್ಗುತ್ತದೆ, ಮುಂದಿನದು ಏರುತ್ತದೆ. ಪದದ ಕೊನೆಗೆ ‘ಊ’ ಹಚ್ಚಿದರೆ ಎರಡೂ ಒಂದೇ ಎತ್ತರದಲ್ಲಿ ನಿಲ್ಲುತ್ತವೆ: ಸೇವೆಯೂ ನಿಜ, ಅನ್ಯಾಯವೂ ನಿಜ. ಒಂದನ್ನು ಹೇಳುವಾಗ ಇನ್ನೊಂದರ ದನಿ ತಗ್ಗಬೇಕಿಲ್ಲ. ಇದು ಯಾವ ಕಡೆಗೂ ವಾಲದ ಜಾಣತನವಲ್ಲ. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರಗಳನ್ನು ಕೊಡುವ ಪ್ರಾಮಾಣಿಕತೆ. ಶಾಸಕರಾಗಿ ಅವರು ದೊಡ್ಡವರೇ? ಹೌದು. ಆ ರಾತ್ರಿ ಅವರು ಒಬ್ಬ ವ್ಯಕ್ತಿಗೆ ಸಲ್ಲಬೇಕಾದ ಕನಿಷ್ಠವನ್ನೂ ಸಲ್ಲಿಸಲಿಲ್ಲವೇ, ಕಾನೂನು ಅವರಿಗೆ ಬೇರೆಯೇ ಅಳತೆ ಹಿಡಿಯಿತೇ? ಹೌದು. ಇವುಗಳನ್ನು ಕೂಡಿಸಿ ‘ಒಟ್ಟಾರೆ ಒಳ್ಳೆಯವರು’ ಅಥವಾ ‘ಒಟ್ಟಾರೆ ಕೆಟ್ಟವರು’ ಎಂಬ ಮುದ್ರೆ ಒತ್ತುವ ಅಗತ್ಯ ಯಾರಿಗಿದೆ? ಸತ್ತವರಿಗಿಲ್ಲ. ಇತಿಹಾಸಕ್ಕಿಲ್ಲ. ಹಾರ ಹಾಕುವ ಇಲ್ಲವೆ ಕಲ್ಲು ಎಸೆಯುವ ಅವಸರದಲ್ಲಿರುವವರಿಗೆ ಮಾತ್ರ ಇದೆ.

ಸಾವಿನ ಮನೆಯಲ್ಲಿ ತಪ್ಪು ಎತ್ತಬಾರದು ಎಂಬ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ದುಃಖದಲ್ಲಿರುವ ಮನೆಯವರ ಮುಂದೆ ಅದು ಮಾನವೀಯ ಸಂಯಮ, ಅದನ್ನು ಗೌರವಿಸುತ್ತೇನೆ. ಆದರೆ ಸಾರ್ವಜನಿಕ ಬದುಕಿಗೆ ಆ ರೂಢಿ ಹಬ್ಬಿದರೆ, ಸತ್ತ ನಾಯಕನಿಂದ ನೊಂದವರ ಮನೆಯಲ್ಲೂ ಒಂದು ಸಾವಾಗಿತ್ತು ಎಂಬುದು ಮರೆತುಹೋಗುತ್ತದೆ. ಮೇರಿ ಜೋ ಅವರ ತಂದೆತಾಯಿ ಇಬ್ಬರೂ ಕೆನಡಿಗಿಂತ ಮೊದಲೇ ತೀರಿಕೊಂಡಿದ್ದರು. 2009ರ ಆಗಸ್ಟಿನಲ್ಲಿ ಮಗಳಿಗಾಗಿ ಅಳಲು ಆ ಮನೆಯಲ್ಲಿ ಅವರಿರಲಿಲ್ಲ. ಇಂಥ ಹೊತ್ತಿನಲ್ಲಿ ನೆನಪಿಡುವ ಕರ್ತವ್ಯ ಅಪರಿಚಿತರ ಮೇಲೆ ಬೀಳುತ್ತದೆ.

ಆ ಅಪರಿಚಿತರಲ್ಲಿ ನಾವೂ ಸೇರಿದ್ದೇವೆ, ಬರೀ ನೋಡುಗರಾಗಿ ಅಲ್ಲ. 1965ರ ಕಾಯಿದೆ ತೆರೆದ ಬಾಗಿಲಿನಿಂದ ನಮ್ಮ ಊರುಗಳ ಮಕ್ಕಳು ಒಳಹೋಗಿದ್ದಾರೆ. ಕೆನಡಿಯವರ ಸೇವೆಯ ಫಲದಲ್ಲಿ ನಮಗೂ ಪಾಲಿದೆ. ಫಲ ಉಂಡವರು ತೀರ್ಪುಗಾರರಾಗಿ ಕುಳಿತಾಗ ಹೆಚ್ಚು ಎಚ್ಚರ ಬೇಕು. ನಮ್ಮ ಕೃತಜ್ಞತೆ ತನಗರಿವಿಲ್ಲದೆ ಕ್ಷಮೆಯ ವೇಷ ತೊಡಬಹುದು. ಕೃತಜ್ಞತೆ ನಮ್ಮದು, ಅದನ್ನು ನಮ್ಮ ಹೆಸರಿನಲ್ಲಿ ಹೃತ್ಪೂರ್ವಕವಾಗಿ ಹೇಳೋಣ. ಕ್ಷಮೆಯ ಪತ್ರದಲ್ಲಿ ಸಹಿಯ ಜಾಗ ಮೇರಿ ಜೋ ಕೊಪೆಕ್ನಿ ಅವರದು. ಅದು ಖಾಲಿಯಾಗಿದೆ. ಖಾಲಿಯಾಗಿಯೇ ಇರಲು ಬಿಡಬೇಕು.